ಕೋಬಾಲ್‌ನಲ್ಲಿ ಅರೇ

1959ರಲ್ಲಿ ರೂಪುಗೊಳ್ಳತೊಡಗಿದ ವ್ಯವಹಾರದ ಪ್ರೋಗ್ರಾಮಿಂಗ್ ಭಾಷೆ ಕೋಬಾಲ್‌ನಲ್ಲಿ ಅರೇಗೆ, ಅಂದರೆ ಒಂದೇ ಬಗೆಯ ಅಂಶಗಳ ಸಾಲಿಗೆ, ‘ಟೇಬಲ್’ ಎಂದು ಹೆಸರು. ಲೆಕ್ಕಪತ್ರದ ಕೆಲಸಕ್ಕೆಂದೇ ಹುಟ್ಟಿದ ಭಾಷೆಗೆ ಒಪ್ಪುವ ಹೆಸರೇ. ಸಂಬಳ ಎಂಬ ಆರಂಕಿಯ ಅಂಶಕ್ಕೆ ‘ಅಕರ್ಸ್ 12 ಟೈಮ್ಸ್’ ಎಂದು ಸೇರಿಸಿದರೆ ಸಾಕು, ಹನ್ನೆರಡು ತಿಂಗಳಿಗೆ ಒತ್ತೊತ್ತಾಗಿ 72 ಬೈಟ್ ಜಾಗ ಸಿದ್ಧ. ಎಣಿಕೆ ಸಿ, ಜಾವಾ ಭಾಷೆಗಳಂತೆ ಸೊನ್ನೆಯಿಂದಲ್ಲ, 1ರಿಂದ.

ಹುಡುಕಲು ಎರಡು ದಾರಿ. ‘ಸರ್ಚ್’ ಒಂದೊಂದೇ ಸಾಲು ನೋಡುತ್ತ ಹೋಗುತ್ತದೆ. ‘ಸರ್ಚ್ ಆಲ್’ ಸಾಮಾನ್ಯವಾಗಿ ಟೇಬಲನ್ನು ಅರ್ಧರ್ಧ ಮಾಡುತ್ತ ಹುಡುಕುವುದರಿಂದ 1,000 ಸಾಲುಗಳಿಗೂ ಸುಮಾರು ಹತ್ತು ಹೋಲಿಕೆ ಸಾಕು. ಆದರೆ ಸಾಲುಗಳು ಕ್ರಮದಲ್ಲಿರಲೇಬೇಕು. ಇಲ್ಲದಿದ್ದರೆ ಇರುವ ದಾಖಲೆಯೂ ಸಿಗದೆ ಹೋದೀತು.

ಹನ್ನೆರಡು ತಿಂಗಳ ಆ ಸಂಬಳದ ಟೇಬಲಿನಲ್ಲಿ 13ನೇ ತಿಂಗಳನ್ನು ಕೇಳಿದರೆ? ಮಿತಿ ಪರೀಕ್ಷಿಸುವ ಆಯ್ಕೆ ಇಲ್ಲದಿದ್ದರೆ ಪ್ರೋಗ್ರಾಂ ಪಕ್ಕದ ಮಾಹಿತಿಯನ್ನೇ ಸಂಬಳವೆಂದು ಓದಿಬಿಡಬಹುದು. ಐಬಿಎಂ ಕಂಪೈಲರಿನಲ್ಲಿ ಆ ಆಯ್ಕೆಯ ಹೆಸರು ‘ಎಸ್‌ಎಸ್‌ರೇಂಜ್’. ಪರೀಕ್ಷೆಯ ಹಂತದಲ್ಲಿ ಅದನ್ನು ತಪ್ಪದೆ ಬಳಸಬೇಕು.