ಕಪ್ಪಿಟ್ಟ ಬೆಳ್ಳಿ ಮತ್ತು ತೂಕದ ಲೆಕ್ಕ: ನಂದಿದುರ್ಗ ಗಣಿ ಪ್ರದೇಶದ ಹಿನ್ನೆಲೆಯಲ್ಲಿ ಒಂದು ಟಿಪ್ಪಣಿ

1. ವ್ಯಾಪ್ತಿ

ಹಳೆಯ ಬೆಳ್ಳಿ ಆಭರಣದ ಕಪ್ಪು ತೆಗೆಯುವಾಗ ಎಷ್ಟು ಬೆಳ್ಳಿ ಹೋಗುತ್ತದೆ, ಎಷ್ಟು ಹೋಗುವುದು ಅನಿವಾರ್ಯ ಎಂಬ ಒಂದೇ ಪ್ರಶ್ನೆಗೆ ಈ ಟಿಪ್ಪಣಿ ಸೀಮಿತ. ಕೋಲಾರ ಚಿನ್ನದ ಗಣಿ (ಕೆ.ಜಿ.ಎಫ್.) ಮತ್ತು ಬಂಗಾರಪೇಟೆಯ ಸುತ್ತಿನ ಮನೆಗಳಲ್ಲಿ ಉಳಿದಿರಬಹುದಾದ ಕಡಗ, ಕಾಲುಂಗುರ, ಡಾಬು, ಉಡಿದಾರ, ಲಿಂಗದ ಕರಡಿಗೆಗಳಂಥ ವಸ್ತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ.

ಸ್ಥಳನಾಮಗಳ ಬಗ್ಗೆ ಎರಡು ಮಾತು ಅಗತ್ಯ. ಇಲ್ಲಿ ನಂದಿದುರ್ಗ ಎಂದರೆ ಚಿಕ್ಕಬಳ್ಳಾಪುರದ ಬಳಿಯ ಬೆಟ್ಟವಲ್ಲ, ಕೆ.ಜಿ.ಎಫ್.ನ ನಂದಿದುರ್ಗ ಗಣಿ. ಮೈಸೂರು ಸಂಸ್ಥಾನದ ಅಂದಿನ ಕಂದಾಯ ವಿಭಾಗಗಳಲ್ಲಿ ಒಂದರ ಹೆಸರು ನಂದಿದುರ್ಗ. ಕೋಲಾರ ಅದರೊಳಗೇ ಇತ್ತು. ಗಣಿಯ ಹೆಸರು ಬೆಟ್ಟದಿಂದಲ್ಲ, ಈ ವಿಭಾಗದಿಂದ ಬಂದಿರುವ ಸಾಧ್ಯತೆ ಹೆಚ್ಚು. ಬಂಗಾರಪೇಟೆಯೂ ಹಳೆಯ ಕಾಗದಪತ್ರಗಳಲ್ಲಿ ಬೌರಿಂಗ್‌ಪೇಟೆ. ಅದು 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೆಂಥಮ್ ಬೌರಿಂಗ್ ಅವರ ಹೆಸರಿನದು.

2. ಕಪ್ಪಿನ ಸ್ವರೂಪ

ಹಿತ್ತಾಳೆ, ತಾಮ್ರಗಳಿಗೆ ಹಿಡಿಯುವುದು ಕಿಲುಬು. ಬೆಳ್ಳಿಯ ಕಪ್ಪು ಬೇರೆ. ಎರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಹಲವು ತಪ್ಪು ವಿಧಾನಗಳು ಹುಟ್ಟಿರುವಂತೆ ತೋರುತ್ತದೆ. ಬೆಳ್ಳಿಯ ಮೇಲಿನ ಕಪ್ಪು ಪ್ರಧಾನವಾಗಿ ಬೆಳ್ಳಿ ಸಲ್ಫೈಡ್. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಹೈಡ್ರೋಜನ್ ಸಲ್ಫೈಡ್ ಮತ್ತು ಕಾರ್ಬೊನಿಲ್ ಸಲ್ಫೈಡ್ ಅನಿಲಗಳು ತೇವದ ನೆರವಿನಿಂದ ಇದನ್ನು ಉಂಟುಮಾಡುತ್ತವೆ. ಪದರ ತೆಳುವಾಗಿದ್ದಾಗ ಹಳದಿ, ಬಳಿಕ ಕಂದು, ನೇರಳೆ, ನೀಲಿ, ಕೊನೆಗೆ ಕಪ್ಪು. ಯಾವ ದಪ್ಪಕ್ಕೆ ಯಾವ ಬಣ್ಣ ಎಂಬ ಅಂಕಿಗಳು ಎಲ್ಲೆಡೆ ಒಂದೇ ಇಲ್ಲ. ಗಾಢ ಬಣ್ಣ ಕಾಣಿಸುವ ಹೊತ್ತಿಗೆ ಪದರ 0.1 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ ಎಂದು ಇಲ್ಲಿ ಇಟ್ಟುಕೊಳ್ಳಲಾಗಿದೆ.

ಬೆಳ್ಳಿಯಲ್ಲಿ ತಾಮ್ರ ಬೆರೆತಿದ್ದರೆ ತಾಮ್ರದ ಸಲ್ಫೈಡ್, ಆಕ್ಸೈಡ್‌ಗಳೂ ಸೇರುತ್ತವೆ. ಇಲ್ಲಿ ನಾಣ್ಯದ ಇತಿಹಾಸ ಪ್ರಸ್ತುತ. 1835ರಿಂದ ರೂಪಾಯಿ 180 ಗ್ರೇನ್, ಅಂದರೆ 11.66 ಗ್ರಾಂ ತೂಗುತ್ತಿತ್ತು. ಅದು ಒಂದು ತೊಲಕ್ಕೆ ಸಮ, ಬೆಳ್ಳಿಯ ಪಾಲು ಹನ್ನೆರಡರಲ್ಲಿ ಹನ್ನೊಂದು. 1940ರಲ್ಲಿ ಈ ಪಾಲು ಅರ್ಧಕ್ಕೆ ಇಳಿದು, ಉಳಿದರ್ಧ ತಾಮ್ರ, ನಿಕ್ಕಲ್, ಸತುವಾಯಿತು. ರೂಪಾಯಿ ಕರಗಿಸಿ ಮಾಡಿಸಿದ ಒಡವೆ ಎಂದು ಮನೆಯಲ್ಲಿ ಹೇಳಿಕೆಯಿದ್ದರೆ, ಯಾವ ಕಾಲದ ರೂಪಾಯಿ ಎಂಬ ಪ್ರಶ್ನೆ ಶುಚಿಗೊಳಿಸುವ ವಿಧಾನಕ್ಕೂ ಸಂಬಂಧಿಸಿದ್ದು. 1940ರ ನಂತರದ ಬಗೆಯ ಲೋಹದ ಮೇಲೆ ಆಮ್ಲದ ಪರಿಣಾಮ ಹೆಚ್ಚು.

3. ಸೈನೈಡ್ ದಿಬ್ಬಗಳ ಮೇಲಿನ ಶಂಕೆ

ಅದಿರಿನ ಪುಡಿಯಿಂದ ಚಿನ್ನ ತೆಗೆದ ಮೇಲೆ ಉಳಿದ ಮಣ್ಣೇ ಕೆ.ಜಿ.ಎಫ್.ನ 13 ದಿಬ್ಬಗಳು. ಅವುಗಳ ಒಟ್ಟು ಪ್ರಮಾಣವನ್ನು ಸುಮಾರು 3.3 ಕೋಟಿ ಟನ್ ಎಂದೂ 3.5 ಕೋಟಿ ಟನ್ ಎಂದೂ ಹೇಳುವುದುಂಟು. ಈ ದೂಳಿನಿಂದ ಬೆಳ್ಳಿ ಬೇಗ ಕಪ್ಪಾಗುತ್ತದೆಯೇ? ಶಂಕೆಗೆ ಆಧಾರವಿಲ್ಲದಿಲ್ಲ: ಚಾಂಪಿಯನ್ ಲೋಡ್ ಎಂಬ ಅದಿರಿನ ಎಳೆ ಬಹುಪಾಲು ಬೆಣಚುಕಲ್ಲಿನದಾದರೂ, ನಂದಿದುರ್ಗ ಗಣಿಯ ಓರಿಯಂಟಲ್ ಲೋಡ್ ಸಲ್ಫೈಡ್ ಖನಿಜಗಳಿಂದ ಕೂಡಿದ್ದು. ಆದರೆ ಬಯಲಿನಲ್ಲಿ ಬಿದ್ದ ಸಲ್ಫೈಡ್ ಗಾಳಿ, ನೀರು ತಗುಲಿ ಮುಖ್ಯವಾಗಿ ಸಲ್ಫೇಟ್ ಮತ್ತು ಆಮ್ಲವಾಗಿ ಮಾರ್ಪಡುತ್ತದೆ. ಬೆಳ್ಳಿಯನ್ನು ಕಪ್ಪಾಗಿಸುವ ಹೈಡ್ರೋಜನ್ ಸಲ್ಫೈಡ್ ಆಗುವುದು ಅಪರೂಪ. ಸೈನೈಡ್ ಉಳಿಕೆಯಿಂದಲೂ ಸಲ್ಫೈಡ್ ಪದರ ಹುಟ್ಟದು. ಆದ್ದರಿಂದ ಕಾರಣವನ್ನು ದಿಬ್ಬಕ್ಕಿಂತ ಮೊದಲು ಪೆಟ್ಟಿಗೆಯೊಳಗೆ, ಮನೆಯೊಳಗೆ ಹುಡುಕುವುದು ಯುಕ್ತ: ಉಣ್ಣೆ ಬಟ್ಟೆ, ರಬ್ಬರ್ ಬ್ಯಾಂಡ್, ಬಾಗಿಲಿಲ್ಲದ ಅಡುಗೆಮನೆ, ಚರಂಡಿಯ ಗಾಳಿ. ದೂಳಿನ ಅಪಾಯ ಬೇರೆ ಬಗೆಯದು. ಅದರಲ್ಲಿ ಬೆಣಚು ಹೆಚ್ಚು. ಒರೆಸುವ ಬಟ್ಟೆಗೆ ಅಂಟಿಕೊಂಡರೆ ಬೆಳ್ಳಿಯ ಮೇಲೆ ಗೀರು ಬೀಳುವುದು ನಿಶ್ಚಿತ.

4. ತೂಕದ ಲೆಕ್ಕ

ಉದಾಹರಣೆಗೆ, 20 ತೊಲದ (233.3 ಗ್ರಾಂ), 1 ಸೆಂ.ಮೀ. ದಪ್ಪದ ಗಟ್ಟಿ ಕಾಲುಕಡಗ. ರೂಪಾಯಿ ಬೆಳ್ಳಿಯ ಸಾಂದ್ರತೆ ಸುಮಾರು 10.3. ಅದರಂತೆ ಕಡಗದ ಉದ್ದ 28.8 ಸೆಂ.ಮೀ., ಮೇಲ್ಮೈ ಸುಮಾರು 90 ಚದರ ಸೆಂ.ಮೀ. ಬೆಳ್ಳಿ ಸಲ್ಫೈಡಿನ ಸಾಂದ್ರತೆ 7.2, ಹಾಗಾಗಿ 0.1 ಮೈಕ್ರಾನ್ ಪದರದ ತೂಕ ಸುಮಾರು 6.5 ಮಿಲಿಗ್ರಾಂ, ಅದರಲ್ಲಿ ಬೆಳ್ಳಿ ಶೇ. 87. ಪದರ ಹತ್ತು ಪಟ್ಟು ದಪ್ಪವಿದ್ದರೂ 65 ಮಿಲಿಗ್ರಾಂ ಮೀರದು. ಚಿತ್ತಾರ ಕೆತ್ತಿದ ಕಡಗದ ಮೇಲ್ಮೈ ಇದಕ್ಕಿಂತ ಹೆಚ್ಚಿರುತ್ತದೆ. ಅದಕ್ಕೆಂದು ಲೆಕ್ಕವನ್ನು ಇಮ್ಮಡಿಗೊಳಿಸಿದರೂ ಪರಿಮಾಣದ ಶ್ರೇಣಿ ಬದಲಾಗುವುದಿಲ್ಲ.

ಅಂಗಡಿಯ ತಕ್ಕಡಿ ಸಾಮಾನ್ಯವಾಗಿ 0.01 ಗ್ರಾಂವರೆಗೆ ತೋರಿಸುತ್ತದೆ. ಕೇವಲ ಕಪ್ಪು ಹೋಗಿದ್ದರೆ ಆ ತಕ್ಕಡಿಯಲ್ಲಿ ವ್ಯತ್ಯಾಸ ಕಂಡೂ ಕಾಣದಂತಿರಬೇಕು. ಅರ್ಧ ಗ್ರಾಂ ಇಳಿದಿದ್ದರೆ, ಜಿಡ್ಡು ಮತ್ತು ಮಣ್ಣಿನ ಪಾಲು ಕಳೆದ ಮೇಲೆ, ಇಡೀ ಮೈಯಿಂದ ಸುಮಾರು 5.4 ಮೈಕ್ರಾನ್ ಲೋಹವೇ ಹೋಗಿದೆ ಎಂದರ್ಥ. ವರ್ಷಕ್ಕೊಮ್ಮೆ ಹಬ್ಬಕ್ಕೆಂದು ಹೀಗೆ ಮಾಡಿಸಿದರೆ 30 ವರ್ಷದಲ್ಲಿ 0.16 ಮಿ.ಮೀ. ಕೆತ್ತನೆಯ ಅಂಚು ಮೊಂಡಾಗಲು ಅಷ್ಟು ಸಾಕು.

5. ಸೈನೈಡ್‌ನಲ್ಲಿ ಅದ್ದುವುದು

1846ರಲ್ಲಿ ಎಲ್ಸ್‌ನರ್ ತೋರಿಸಿದಂತೆ, ಸೈನೈಡ್ ದ್ರಾವಣ ಗಾಳಿಯ ಆಮ್ಲಜನಕದ ಸಹಾಯದಿಂದ ಚಿನ್ನವನ್ನು ಕರಗಿಸುತ್ತದೆ. 1887ರಲ್ಲಿ ಗ್ಲಾಸ್ಗೋದ ಮ್ಯಾಕ್ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಇದನ್ನು ಅದಿರಿಗೆ ಅನ್ವಯಿಸಿ ಪೇಟೆಂಟ್ ಪಡೆದರು. ಕೆ.ಜಿ.ಎಫ್.ನ ದಿಬ್ಬಗಳಿಗೆ ಸೈನೈಡ್ ಹೆಸರು ಅಂಟಿದ್ದು ಈ ವಿಧಾನದಿಂದ. ಬೆಳ್ಳಿಯೂ, ಬೆಳ್ಳಿ ಸಲ್ಫೈಡೂ ಇದೇ ದ್ರಾವಣದಲ್ಲಿ ಕರಗುತ್ತವೆ. ಗಣಿಯಲ್ಲಿ ಬಳಸುವ ದ್ರಾವಣ ಸಾಮಾನ್ಯವಾಗಿ ಬಹಳ ತೆಳು. ಲೋಹಲೇಪನದ (ಮುಲಾಮು) ಕೆಲಸದ ದ್ರಾವಣ ಅದಕ್ಕಿಂತ ಹಲವು ಪಟ್ಟು ಗಾಢ. ಕಪ್ಪಿಟ್ಟ ಒಡವೆಯನ್ನು ಅದರಲ್ಲಿ ಅದ್ದಿದರೆ ಕ್ಷಣದಲ್ಲಿ ಬಿಳುಪಾಗುವುದು ನಿಜ. ಆದರೆ ಕಪ್ಪು ಮುಗಿದು ಲೋಹ ಶುರುವಾಗುವ ಗಡಿಯನ್ನು ದ್ರಾವಣ ಗುರುತಿಸುವುದಿಲ್ಲ. ಗಣಿಯಲ್ಲಿ ಬೇಕಾಗಿದ್ದ ಫಲವೇ ಒಡವೆಯಲ್ಲಿ ನಷ್ಟ.

ಸೈನೈಡ್ ಪ್ರಾಣಾಂತಿಕ ವಿಷ. ಅದರ ಪಸೆಗೆ ಹುಣಸೆ, ನಿಂಬೆಯಂಥ ಹುಳಿ ತಗುಲಿದರೆ ಹೈಡ್ರೋಜನ್ ಸೈನೈಡ್ ಅನಿಲ ಬಿಡುಗಡೆಯಾಗುತ್ತದೆ. ಮನೆಯಲ್ಲಿ ಇದಕ್ಕೆ ಸ್ಥಾನವಿಲ್ಲ. ಸೀಸೆಯಲ್ಲಿ ಸಿಗುವ ಅದ್ದುವ ದ್ರವಗಳಲ್ಲಿ ಸಾಮಾನ್ಯವಾಗಿ ಆಮ್ಲ ಮತ್ತು ಥಯೋಯೂರಿಯಾ ಇರುತ್ತವೆ. ಅವು ಇಷ್ಟು ವಿಷವಲ್ಲವಾದರೂ ಮೇಲ್ಮೈಯನ್ನು ಕೊರೆಯುತ್ತವೆ, ಬೆಸುಗೆಯ ಸಂದುಗಳಲ್ಲಿ ಉಳಿದುಕೊಳ್ಳುತ್ತವೆ. ಹಳೆಯ ಒಡವೆಗೆ ಅವನ್ನೂ ಒಪ್ಪಲಾಗದು.

6. ಮನೆಯ ಸಾಮಗ್ರಿಗಳು

ಅಂಟುವಾಳ ಜಿಡ್ಡನ್ನು ತೆಗೆಯುತ್ತದೆ, ಸಲ್ಫೈಡನ್ನಲ್ಲ. ಮೊದಲ ತೊಳೆತಕ್ಕೆ ಅದು ಸಾಕು. ಹುಣಸೆಯ ಹುಳಿ ತಾಮ್ರದ ಕಿಲುಬಿನ ಮೇಲೆ ಕೆಲಸ ಮಾಡುತ್ತದೆ, ಬೆಳ್ಳಿ ಸಲ್ಫೈಡಿನ ಮೇಲೆ ಗಣನೀಯವಾಗಿ ಇಲ್ಲ. ಹುಣಸೆಯಿಂದ ಬೆಳ್ಳಿ ಬೆಳಗಿತು ಎಂದರೆ ಬೆಳಗಿದ್ದು ಬಹುಶಃ ಉಜ್ಜುವ ಕೈ.

ಉಜ್ಜುವುದರಲ್ಲಿ ನಿರ್ಣಾಯಕವಾದುದು ಪುಡಿಯ ಗಡಸುತನ. ಮೋಸ್ ಮಾಪನದಲ್ಲಿ ಬೆಳ್ಳಿ 2.5ರಿಂದ 3. ಬಳಪದ ಕಲ್ಲು 1, ಕ್ಯಾಲ್ಸಿಯಂ ಕಾರ್ಬೊನೇಟ್ 3, ಬೆಣಚು 7. ‘ರಂಗೋಲಿ ಪುಡಿ’ ಎಂಬ ಒಂದೇ ಹೆಸರಿನಡಿ ಬಳಪದ ಕಲ್ಲಿನದೂ ಬೆಣಚುಕಲ್ಲಿನದೂ ಸಿಗುವುದರಿಂದ, ಆ ಹೆಸರಿನ ಶಿಫಾರಸಿಗೆ ನಿಶ್ಚಿತ ಅರ್ಥವಿಲ್ಲ. ವಿಭೂತಿಯದೂ ಇದೇ ಸ್ಥಿತಿ: ಸಗಣಿ ಸುಟ್ಟ ಬೂದಿಯಲ್ಲಿ ಸಿಲಿಕಾ ಇರುತ್ತದೆ. ಇಟ್ಟಿಗೆ ಪುಡಿಯನ್ನೂ ಹಲ್ಲಿನ ಪೇಸ್ಟನ್ನೂ ಬಿಡುವುದು ಲೇಸು. ಕೆನಡಾದ ಸಂರಕ್ಷಣಾ ಸಂಸ್ಥೆ ಬೆಳ್ಳಿಗೆ ಸೂಚಿಸುವುದು ಒತ್ತರಿಸಿ ತೆಗೆದ ನುಣುಪಾದ ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಶುದ್ಧ ನೀರಿನಲ್ಲಿ ಕಲಸಿ, ಹತ್ತಿಯಿಂದ, ಒತ್ತಡವಿಲ್ಲದೆ ಬಳಸಬೇಕು. ಇದರಿಂದಲೂ ಕಿಂಚಿತ್ ಲೋಹ ಹೋಗುತ್ತದೆ. ಆದರೆ ಎಲ್ಲಿ ನಿಲ್ಲಿಸಬೇಕು ಎಂಬುದು ಕೈಯ ಹಿಡಿತದಲ್ಲಿರುತ್ತದೆ.

7. ಅಲ್ಯೂಮಿನಿಯಂ ಮತ್ತು ಅಡುಗೆ ಸೋಡಾ

ಬಿಸಿನೀರು, ಅಡುಗೆ ಸೋಡಾ, ಅಲ್ಯೂಮಿನಿಯಂ ಹಾಳೆಯ ವಿಧಾನದಲ್ಲಿ ಸಲ್ಫೈಡ್ ಮತ್ತೆ ಬೆಳ್ಳಿಯಾಗುತ್ತದೆ, ಗಂಧಕ ಮಾತ್ರ ಬೇರ್ಪಡುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದಕ್ಕೆ ಗುರುತು. ಸಿದ್ಧಾಂತದಂತೆ ಮೇಲಿನ ಕಡಗದ ನಷ್ಟ 1 ಮಿಲಿಗ್ರಾಂಗಿಂತ ಕಡಿಮೆ. ವ್ಯವಹಾರದಲ್ಲಿ, ಮರಳಿ ಬಂದ ಬೆಳ್ಳಿ ಸಡಿಲವಾಗಿ, ಮಂಕಾಗಿ ಕೂರುತ್ತದೆ. ಒಪ್ಪ ಹಾಕಿದರೆ ಅದರಲ್ಲೊಂದು ಭಾಗ ಉದುರುತ್ತದೆ. ಕೆತ್ತನೆಯ ಗೆರೆಗಳಲ್ಲಿ ಉದ್ದೇಶಪೂರ್ವಕವಾಗಿ ಬಿಟ್ಟ ಕಪ್ಪೂ ಹೊರಟುಹೋಗುತ್ತದೆ, ಅದು ಮರಳಿ ಬಾರದು. ಗಟ್ಟಿ, ಸಾದಾ, ಕಲ್ಲಿಲ್ಲದ ವಸ್ತುಗಳಿಗಷ್ಟೇ ಈ ವಿಧಾನ ಅನ್ವಯಿಸಬಹುದು.

8. ನೀರಿಗೂ ಹಾಕಬಾರದವು

ಒಳಗೆ ಅರಗು ತುಂಬಿದ ಟೊಳ್ಳು ಒಡವೆಗಳು ಬಿಸಿಗೆ ಸಡಿಲವಾಗುತ್ತವೆ. ಹಿಂಬದಿ ಮುಚ್ಚಿ ಕೂರಿಸಿದ ಕೆಂಪು ಕಲ್ಲಿನ ಕೆಳಗಿನ ತಗಡಿಗೆ ನೀರು ಇಳಿದರೆ ಕಲ್ಲು ಮಂಕಾಗುತ್ತದೆ. ಮುತ್ತು, ದಾರದಲ್ಲಿ ಪೋಣಿಸಿದ ಸರ, ಚಿನ್ನದ ನೀರು ಕೊಟ್ಟ ಬೆಳ್ಳಿ ಇದೇ ಗುಂಪಿನವು. ಇವುಗಳಿಗೆ ಒಣ ಹತ್ತಿ ಬಟ್ಟೆಯೇ ಮಿತಿ. ಅದಕ್ಕೂ ಮೀರಿದ್ದು ಬೇಕಿದ್ದರೆ ಸಂರಕ್ಷಣಾ ತಜ್ಞರನ್ನು ಕೇಳಬೇಕು. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿದೆ.

9. ವಿನಂತಿ

ಹಳೆಯ ಒಡವೆಯನ್ನು ಯಾರ ಕೈಗೆ ಕೊಡುವ ಮುನ್ನವೂ ಅಂಟುವಾಳದಲ್ಲಿ ತೊಳೆಯಬಹುದಾದುದನ್ನು ತೊಳೆದು, ಪೂರ್ತಿ ಒಣಗಿಸಿ, ತೂಗಿ, ತೂಕವನ್ನು ದಿನಾಂಕದೊಡನೆ ಬರೆದಿಡಬೇಕು. ಮರಳಿ ಬಂದಾಗ ಅದೇ ತಕ್ಕಡಿಯಲ್ಲಿ ತೂಗಬೇಕು. ಆಚಾರಿಯ ಮೇಲಿನ ಅಪನಂಬಿಕೆಯಿಂದ ಈ ಮಾತು ಹೇಳುತ್ತಿಲ್ಲ. ಯಾವ ವಿಧಾನ ಎಷ್ಟು ಲೋಹ ತೆಗೆಯಿತು ಎಂದು ಮನೆಯಲ್ಲೇ ತಿಳಿಯಲು ಬೇರೆ ಸುಲಭದ ದಾರಿ ಇಲ್ಲ. ಇಂಥ ಎರಡು ಅಂಕಿಗಳನ್ನು ಬರೆದಿಟ್ಟುಕೊಂಡ ಮನೆಗಳು ಕೋಲಾರ, ಬಂಗಾರಪೇಟೆಯ ಕಡೆ ಇದ್ದರೆ, ಆ ಅಂಕಿಗಳನ್ನು ದಯವಿಟ್ಟು ಉಳಿಸಿಕೊಳ್ಳಿ.