ಕ್ಯಾನಿನಲ್ಲಿ ಉಳಿದ ಎಣ್ಣೆ

ವಿಟ್ಲ ಪೇಟೆಯಿಂದ ಕೇರಳದ ಗಡಿಯ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ನನ್ನ ಮಾವನ ಗ್ಯಾರೇಜು ಇದೆ. ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಅಲ್ಲಿಗೆ ಹೋದಾಗ ಕೆಂಪುಕಲ್ಲು ಸಾಗಿಸುವ ಹಳೆಯ ಟರ್ಬೊ ಲಾರಿಯೊಂದರ ಕ್ಯಾಬಿನ್ನನ್ನು ಮುಂದಕ್ಕೆ ಬಾಗಿಸಿ ನಿಲ್ಲಿಸಿದ್ದರು. ಬಿಚ್ಚಿ ಕೆಳಗಿಟ್ಟ ಇಂಟರ್‌ಕೂಲರನ್ನು ಮಾವ ಓರೆ ಮಾಡಿದಾಗ ಅರ್ಧ ಲೋಟದಷ್ಟು ಕಪ್ಪು ಎಣ್ಣೆ ಹೊರಗೆ ಹರಿಯಿತು. ಗಾಳಿ ಮಾತ್ರ ಹೋಗಬೇಕಾದ ದಾರಿ ಅದು.

“ಇಲ್ಲಿಗೆ ಎಣ್ಣೆ ಎಲ್ಲಿಂದ ಬಂತು ಮಾವ?” ಎಂದೆ.

“ಎಂಜಿನ್ ಉಸಿರು ಬಿಡುವುದಿಲ್ಲವಾ ಮಾರಾಯ್ತಿ? ಆ ಉಸಿರಿನಲ್ಲಿ ಬಂತು” ಎಂದು ಅವರು ಪಕ್ಕದಲ್ಲಿದ್ದ ಉಕ್ಕಿನ ಡಬ್ಬವೊಂದನ್ನು ತೋರಿಸಿದರು. ಅದು ಆಯಿಲ್ ಕ್ಯಾಚ್ ಕ್ಯಾನ್. ಉಸಿರಿನೊಂದಿಗೆ ಬರುವ ಎಣ್ಣೆಯನ್ನು ಹಿಡಿದಿಡುವ ಡಬ್ಬ.

ನನ್ನ ಪಿಎಚ್‌ಡಿ ಅಧ್ಯಯನ ಈ ಸೀಮೆಯ ರಸ್ತೆ ಸಾರಿಗೆಯ ಚರಿತ್ರೆ ಕುರಿತದ್ದು. ಪರ್ಮಿಟ್ಟು, ಸೇತುವೆ, ಘಾಟಿ ರಸ್ತೆ, ಬಸ್ ಕಂಪೆನಿಗಳ ಬಗ್ಗೆ ನನ್ನ ಬಳಿ ಕಡತಗಳಿವೆ. ಎಂಜಿನ್ನಿನ ಉಸಿರು ಎಲ್ಲಿಗೆ ಹೋಗುತ್ತಿತ್ತು ಎಂಬ ಬಗ್ಗೆ ಒಂದು ಪುಟವೂ ಇರಲಿಲ್ಲ. ಆ ಪುಟವನ್ನು ತುಂಬುವ ಪ್ರಯತ್ನ ಈ ಬರಹ.

ಮೊದಲು ಉಸಿರಿನ ವಿಷಯ. ಸಿಲಿಂಡರಿನಲ್ಲಿ ಇಂಧನ ಉರಿದಾಗ ಹುಟ್ಟುವ ಅನಿಲದಲ್ಲಿ ಹೆಚ್ಚಿನದು ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ. ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳ ಸಂದಿನಿಂದ ನುಸುಳಿ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಮೆಕ್ಯಾನಿಕ್ಕುಗಳು ಇದನ್ನು ಬ್ಲೋ-ಬೈ ಎನ್ನುತ್ತಾರೆ. ಹೊಸ ಎಂಜಿನ್ನಿನಲ್ಲೂ ಇದು ಇದ್ದೇ ಇರುತ್ತದೆ. ಅಲ್ಲಿಂದ ಹೊರಗೆ ದಾರಿ ಕೊಡದಿದ್ದರೆ ಒತ್ತಡ ಏರಿ ಆಯಿಲ್ ಸೀಲುಗಳ ಮೂಲಕ ಎಣ್ಣೆ ಒಸರುತ್ತದೆ. ಹಾಗಾಗಿ ಪ್ರತಿ ಎಂಜಿನ್ನಿಗೂ ಒಂದು ಬ್ರೀದರ್ ಪೈಪು ಬೇಕು. ಹೊರಬರುವ ಅನಿಲ ತನ್ನ ಜೊತೆಗೆ ಎಣ್ಣೆಯ ಹನಿಗಳನ್ನೂ ಮಂಜಿನಂತೆ ಹೊತ್ತು ತರುತ್ತದೆ.

ಮೊದಮೊದಲು ಇದಕ್ಕೆ ಪರಿಹಾರ ಬಹಳ ಸರಳವಾಗಿತ್ತು: ಪೈಪನ್ನು ರಸ್ತೆಯ ಕಡೆಗೆ ಇಳಿಬಿಡುವುದು. ವಾಹನ ಓಡುವಾಗಿನ ಗಾಳಿಯೇ ಹೊಗೆಯನ್ನು ಎಳೆದುಕೊಳ್ಳುತ್ತಿತ್ತು. ಜಗತ್ತಿನ ಕಾರು, ಲಾರಿಗಳೆಲ್ಲ ದಶಕಗಳ ಕಾಲ ಹೀಗೆಯೇ ಓಡಿದವು. 1954ರಲ್ಲಿ ಟೆಲ್ಕೊ ಕಂಪೆನಿ ಡೈಮ್ಲರ್-ಬೆಂಜ್ ಜೊತೆಗೂಡಿ ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿತು. ಮದ್ರಾಸಿನಲ್ಲಿ 1948ರಲ್ಲಿ ಹುಟ್ಟಿದ ಅಶೋಕ್ ಮೋಟರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ನಮ್ಮ ಊರಿನ ಅಡಿಕೆ, ಹಂಚು, ಕಲ್ಲುಗಳನ್ನು ಹೊತ್ತದ್ದು ಹೆಚ್ಚಾಗಿ ಇವರಿಬ್ಬರ ಲಾರಿಗಳೇ. ಪೈಪಿನ ತುದಿಗೆ ಖಾಲಿ ಬಾಟಲಿ ಕಟ್ಟಿಕೊಂಡ ಲಾರಿಗಳನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಡ್ರೈವರನ ಕೈಯಲ್ಲಿ ಹುಟ್ಟಿದ ಕ್ಯಾಚ್ ಕ್ಯಾನ್ ಅದು ಎಂದು ಆಗ ಗೊತ್ತಿರಲಿಲ್ಲ.

ಇಳಿಬಿಟ್ಟ ಪೈಪನ್ನು ಮುಚ್ಚಬೇಕೆಂಬ ಯೋಚನೆಗೆ ಒಂದು ಕಾರಣ ಯುದ್ಧ. ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕುಗಳು ನದಿ ದಾಟುವಾಗ ತೆರೆದ ಪೈಪಿನ ಮೂಲಕ ನೀರು ಎಂಜಿನ್ನಿಗೆ ನುಗ್ಗುತ್ತಿತ್ತು. ಅದನ್ನು ತಡೆಯಲು ಕ್ರ್ಯಾಂಕ್‌ಕೇಸಿನ ಉಸಿರನ್ನು ಎಂಜಿನ್ನೇ ಮರಳಿ ಒಳಗೆಳೆದುಕೊಳ್ಳುವ ವ್ಯವಸ್ಥೆ ಬಂತು. ಇನ್ನೊಂದು ಕಾರಣ ಲಾಸ್ ಏಂಜಲೀಸ್ ನಗರದ ಮುಸುಕುಹೊಗೆ. 1950ರ ದಶಕದಲ್ಲಿ ಅಲ್ಲಿ ಕಣ್ಣುರಿಸುತ್ತಿದ್ದ ಹೊಗೆಗೆ ವಾಹನಗಳೂ ಕಾರಣವೆಂದು ವಿಜ್ಞಾನಿ ಆರಿ ಹಾಗನ್-ಸ್ಮಿಟ್ ತೋರಿಸಿದರು. ವಾಹನದ ಕೊಳೆ ಸೈಲೆನ್ಸರಿನಿಂದ ಮಾತ್ರವಲ್ಲ, ಬ್ರೀದರಿನಿಂದಲೂ ಬರುತ್ತದೆ ಎಂದು ತಿಳಿದ ಮೇಲೆ 1961ರಲ್ಲಿ ಕ್ಯಾಲಿಫೋರ್ನಿಯಾದ ಹೊಸ ಕಾರುಗಳಿಗೆ, 1963ರಲ್ಲಿ ಅಮೆರಿಕದ ಉಳಿದೆಡೆಯ ಕಾರುಗಳಿಗೂ ಈ ವ್ಯವಸ್ಥೆ ಬಂತು.

ಕೊಳೆ ರಸ್ತೆಯಿಂದ ಮರೆಯಾಯಿತು ನಿಜ. ಆದರೆ ಅದು ಎಂಜಿನ್ನಿನ ಮೂಗಿಗೆ ಬಂತು. ಗಾಳಿಯನ್ನು ಒತ್ತಿ ತುಂಬುವ ಎಂಜಿನ್ನುಗಳಲ್ಲಿ ಈ ತೊಂದರೆ ಹೆಚ್ಚು. ಅಮೆರಿಕದ ಇಂಡಿಯಾನಾದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಗಾಳಿಯೂದುವ ಯಂತ್ರವೇ ಮುಂದೆ ಸೂಪರ್‌ಚಾರ್ಜರಿನ ಒಂದು ಬಗೆಯಾಯಿತು. 1938ರಲ್ಲಿ ಜನರಲ್ ಮೋಟರ್ಸ್ ತಂದ ಟೂ-ಸ್ಟ್ರೋಕ್ ಡೀಸೆಲ್ ಎಂಜಿನ್ನುಗಳು ಈ ಬ್ಲೋವರನ್ನು ಬಳಸಿದವು. ಲಾರಿಗಳಿಗೂ ಯುದ್ಧದ ದೋಣಿಗಳಿಗೂ ಅವು ಹೋದವು. ಸೂಪರ್‌ಚಾರ್ಜರನ್ನು ತಿರುಗಿಸಲು ಎಂಜಿನ್ನಿನದೇ ಬೆಲ್ಟು ಅಥವಾ ಗೇರು ಬೇಕು. ಹೊರಹೋಗುವ ಹೊಗೆಯ ಬಲದಿಂದಲೇ ಅದೇ ಕೆಲಸ ಮಾಡಿಸುವ ಯೋಚನೆಗೆ ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದರು. ಬಹಳ ಕಾಲ ಅದನ್ನು ‘ಟರ್ಬೊಸೂಪರ್‌ಚಾರ್ಜರ್’ ಎಂದೇ ಕರೆಯುತ್ತಿದ್ದರು. ನಮ್ಮ ಲಾರಿಗಳ ಟರ್ಬೊ ಅದೇ ಹೆಸರಿನ ಮೊದಲರ್ಧ.

2000ದಿಂದ ಭಾರತದಲ್ಲಿ ಹೊಗೆಯ ನಿಯಮಗಳು ಹಂತಹಂತವಾಗಿ ಬಿಗಿಯಾದಂತೆ ಲಾರಿಗಳಲ್ಲಿ ಟರ್ಬೊ, ಇಂಟರ್‌ಕೂಲರ್ ಸಾಮಾನ್ಯವಾದವು. ಸಿಲಿಂಡರಿನ ಒತ್ತಡ ಹೆಚ್ಚಿದಷ್ಟೂ ಬ್ಲೋ-ಬೈ ಹೆಚ್ಚು. ಬ್ರೀದರನ್ನು ಟರ್ಬೊದ ಬಾಯಿಗೆ ಸೇರಿಸಿದರೆ ಎಣ್ಣೆ ಕಂಪ್ರೆಸರ್ ಚಕ್ರಕ್ಕೆ ಅಂಟಿ, ಇಂಟರ್‌ಕೂಲರಿನಲ್ಲಿ ನಿಂತು, ಗಾಳಿ ತಣ್ಣಗಾಗುವುದನ್ನು ಕಡಿಮೆ ಮಾಡುತ್ತದೆ. ಇನ್ನೂ ದೊಡ್ಡ ಅಪಾಯವೊಂದಿದೆ. ಎಣ್ಣೆ ವಿಪರೀತವಾಗಿ ಒಳನುಗ್ಗಿದರೆ ಡೀಸೆಲ್ ಎಂಜಿನ್ ಅದನ್ನೇ ಇಂಧನವಾಗಿ ಉರಿಸುತ್ತದೆ. ಆಗ ಕೀಲಿ ತಿರುಗಿಸಿದರೂ ಅದು ನಿಲ್ಲುವುದಿಲ್ಲ. ಭಾರ ಹೊತ್ತು ಶಿರಾಡಿ ಹತ್ತುವ ಡ್ರೈವರನಿಗೆ ಇದು ಜೀವದ ಪ್ರಶ್ನೆ.

ಮಾವ ಕ್ಯಾನ್ ಕೂರಿಸುವುದನ್ನು ನಾನು ಕೊನೆಯವರೆಗೂ ನಿಂತು ನೋಡಿದೆ. ಬ್ರೀದರಿಗೂ ಟರ್ಬೊಗೂ ನಡುವೆ, ಸೈಲೆನ್ಸರಿನ ಬಿಸಿಯಿಂದ ದೂರ, ಕೈಗೆ ಸಿಗುವ ಜಾಗದಲ್ಲಿ ನೆಟ್ಟಗೆ ಬಿಗಿದರು. ಒಳಗಿನ ಉಕ್ಕಿನ ಜಾಲರಿಗೆ ಬಡಿದು ಎಣ್ಣೆಯ ಹನಿಗಳು ಒಂದಾಗಿ ತಳಕ್ಕೆ ಇಳಿಯುತ್ತವೆ. ಗಾಳಿ ಮುಂದಕ್ಕೆ ಹೋಗುತ್ತದೆ. ಮೊದಲಿದ್ದ ಪೈಪಿಗಿಂತ ಸಣ್ಣ ಪೈಪು ಹಾಕಲಿಲ್ಲ. ಹಾಕಿದರೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ನೀರಿನ ಪೈಪು ಎಣ್ಣೆಗೆ ಮೆತ್ತಗಾಗುತ್ತದೆಂದು ಎಣ್ಣೆ ತಾಳುವ ಹೋಸನ್ನೇ ತಂದಿದ್ದರು. ಕೊನೆಗೆ ಪ್ರತಿ ಕ್ಲಿಪ್ಪನ್ನೂ ಎರಡೆರಡು ಸಲ ನೋಡಿದರು. “ಇದು ಏರ್ ಫಿಲ್ಟರಿನ ಆಚೆ. ಇಲ್ಲಿ ಸಣ್ಣ ಸಂದಿದ್ದರೂ ಕಲ್ಲಿನ ಕೆಂಪುಧೂಳು ನೇರ ಟರ್ಬೊಗೆ ಹೋಗುತ್ತದೆ” ಎಂದರು. ಬಿಎಸ್-6 ಲಾರಿಗಳಲ್ಲಿ ಕಂಪೆನಿಯ ವ್ಯವಸ್ಥೆಯೇ ಇರುವುದರಿಂದ ಅವುಗಳಿಗೆ ಅವರು ಕೈ ಹಾಕುವುದಿಲ್ಲ.

ತಿಂಗಳಾದ ಮೇಲೆ ಅದೇ ಲಾರಿ ಬಂತು. ಕ್ಯಾನಿನಿಂದ ಇಳಿದದ್ದು ಹಾಲು ಬೆರೆಸಿದ ಕಾಫಿಯ ಬಣ್ಣದ ದ್ರವ. ನಾನು ಹೆದರಿದೆ. ಮಾವ ಬೆರಳಿಗೆ ತಾಗಿಸಿ ನೋಡಿ, “ಮಳೆಗಾಲದ್ದು. ನೀರಿನ ಹಬೆ ಸೇರಿದೆ. ರೇಡಿಯೇಟರಿನ ನೀರು ಇಳಿದಿಲ್ಲ, ಹೆದರುವುದು ಬೇಡ. ಎಣ್ಣೆ ಮಾತ್ರ ಜಾಸ್ತಿ, ರಿಂಗು ಸವೆದಿದೆ, ಓನರಿಗೆ ಹೇಳಬೇಕು” ಎಂದರು. ನಾನು ಪತ್ರಾಗಾರದಲ್ಲಿ ಕಡತ ಓದುವ ಹಾಗೆ ಅವರು ಕ್ಯಾನನ್ನು ಓದುತ್ತಿದ್ದರು. ಎಂಜಿನ್ನಿನ ಒಂದು ತಿಂಗಳ ದಾಖಲೆ ಅದರಲ್ಲಿತ್ತು.

ಆಮೇಲೆ ನಮ್ಮಿಬ್ಬರಿಗೆ ಸಣ್ಣ ಜಗಳವಾಯಿತು. ಅವರು ಆ ದ್ರವವನ್ನು ಗ್ಯಾರೇಜಿನ ಹಿಂದಿನ ಮಣ್ಣಿಗೆ ಚೆಲ್ಲಲು ಹೊರಟಿದ್ದರು. ಅಲ್ಲಿಂದ ಇಳಿಜಾರು, ಕೆಳಗೆ ತೋಡು, ತೋಡಿನ ಆಚೆ ಅಜ್ಜನ ಕಾಲದ ಅಡಿಕೆ ತೋಟ. ಮಳೆ ಬಿದ್ದ ಬೆಳಿಗ್ಗೆ ಆ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ತೇಲುವುದನ್ನು ನಾನು ಬಾಲ್ಯದಲ್ಲಿ ಚಂದವೆಂದು ನೋಡುತ್ತಿದ್ದೆ. ಬಳಸಿದ ಎಣ್ಣೆ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ ಎಂದು ಹೇಳಿದೆ. “ಮೂವತ್ತು ವರ್ಷದಿಂದ ಚೆಲ್ಲುತ್ತಿದ್ದೇನೆ, ತೋಟ ಒಣಗಿದೆಯಾ?” ಎಂದರು. ನಾನು ಸುಮ್ಮನಾದೆ. ಅವರೂ ಸುಮ್ಮನಾದರು.

ಮೊದಲು ರಸ್ತೆಗೆ ಬಿಟ್ಟೆವು, ಆಮೇಲೆ ಎಂಜಿನ್ನಿಗೇ ಮರಳಿ ಕುಡಿಸಿದೆವು, ಈಗ ಡಬ್ಬದಲ್ಲಿ ಹಿಡಿದಿದ್ದೇವೆ. ಇಷ್ಟು ವರ್ಷಗಳಲ್ಲಿ ಎಣ್ಣೆ ಇಲ್ಲವಾಗಲಿಲ್ಲ, ಜಾಗ ಬದಲಿಸಿತು ಅಷ್ಟೆ. ಆದರೆ ಡಬ್ಬಕ್ಕೆ ಒಂದು ಗುಣವಿದೆ: ಅದು ತುಂಬುತ್ತದೆ, ಯಾರಾದರೂ ಖಾಲಿ ಮಾಡಲೇಬೇಕು. ರಸ್ತೆಗೆ ಬಿದ್ದ ಹನಿಗೆ ಹೊಣೆಗಾರರಿರಲಿಲ್ಲ. ಡಬ್ಬದ ಎಣ್ಣೆಗೆ ಇದ್ದಾರೆ.

ಮುಂದಿನ ವಾರ ಹೋದಾಗ ಗ್ಯಾರೇಜಿನ ಮೂಲೆಯಲ್ಲಿ ಮುಚ್ಚಳವಿದ್ದ ಹಳೆಯ ಡ್ರಮ್ಮೊಂದು ನಿಂತಿತ್ತು. ಅದರ ಬಗ್ಗೆ ಮಾವ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕ್ಯಾನಿನ ನಲ್ಲಿ ತಿರುಗಿಸಿ ಅವರು ಎಣ್ಣೆಯನ್ನು ಅದಕ್ಕೆ ಸುರಿದು ಮುಚ್ಚಳ ಹಾಕಿದರು. ನಾನು ಆ ದಿನದ ತಾರೀಕನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.