ಶಿಂಶುಮಾರದ ಅರಿವು: ವಿಶಾಖಪಟ್ಟಣದ ಬಲೆಯಿಂದ ಕಾರವಾರದ ದೋಣಿಗೆ

ಆಲಮಟ್ಟಿಯ ಕಟ್ಟೆಯಲ್ಲಿ ನೀರು ನಿಂತಂದಿನಿಂದ ಕೊಲ್ಹಾರದ ಮಗ್ಗುಲಿನ ಕೃಷ್ಣೆಯು ಹೊಳೆಯ ರೂಪವನ್ನು ಬಿಟ್ಟು ಕಡಲಿನ ರೂಪವನ್ನು ತಾಳಿದ್ದಾಳೆ. ಹಳೆಯ ಕೊಲ್ಹಾರವು ಆ ನೀರಿನ ಪಾಲಾಯಿತು. ಜಲರಾಶಿಯು ಎಷ್ಟು ವಿಸ್ತಾರವಾದರೇನು, ಗಂಗೆಯಲ್ಲಿರುವ ಶಿಂಶುಮಾರವು ಕೃಷ್ಣೆಯಲ್ಲಿಲ್ಲ. ಡಾಲ್ಫಿನ್ ಎಂದು ಈಗ ಮಕ್ಕಳೂ ಬಲ್ಲ ಆ ಪ್ರಾಣಿಯ ಕಡಲ ಬಂಧುವನ್ನು ನೋಡಬಯಸುವವರು ಘಟ್ಟವಿಳಿದು ಕಾರವಾರಕ್ಕೆ ಹೋಗಬೇಕು. ಕಾಳೀನದಿಯ ಅಳಿವೆಯ ಬಳಿ, ದೇವಬಾಗ ಕೂರ್ಮಗಡಗಳ ಸುತ್ತಿನ ನೀರಿನಲ್ಲಿ ದೋಣಿಯೇರಿ ಅರಸಬೇಕು. ಈ ವಿಹಾರವು ಇತ್ತೀಚಿನದು. ಆ ಜಾತಿಯ ಅರಿವು ಮಾತ್ರ ಬಹು ಹಳೆಯದು.

ಅಮರಸಿಂಹನು ವಾರಿವರ್ಗದಲ್ಲಿ ಶಿಶುಮಾರವನ್ನು ಮಕರಾದಿಗಳೊಡನೆ ಎಣಿಸಿದ್ದಾನೆ. ಭಾಗವತವು ನಕ್ಷತ್ರಮಂಡಲವನ್ನೇ ಶಿಶುಮಾರವೆಂದು ಕಲ್ಪಿಸಿ, ಧ್ರುವನನ್ನು ಅದರ ಬಾಲದ ತುದಿಯಲ್ಲಿಟ್ಟಿದೆ. ಶಿಶುಗಳನ್ನು ಕೊಲ್ಲುವುದೆಂಬುದು ಆ ಹೆಸರಿನ ಅಕ್ಷರಾರ್ಥ. ಮೀನು ತಿಂದು, ತನ್ನ ಮರಿಗೆ ಹಾಲೂಡಿಸಿ ಬದುಕುವ ಪ್ರಾಣಿಗೆ ಇದಕ್ಕಿಂತ ಅನ್ಯಾಯದ ಹೆಸರು ದೊರೆಯಲಾರದು. ಅಶೋಕನು ಪಟ್ಟವೇರಿ 26 ವರ್ಷಗಳಾದ ಮೇಲೆ ಬರೆಯಿಸಿದ ಐದನೆಯ ಸ್ತಂಭಶಾಸನದಲ್ಲಿ, ಕೊಲ್ಲಕೂಡದ ಪ್ರಾಣಿಗಳ ನಡುವೆ ‘ಗಂಗಾಪುಪುಟಕ’ವೆಂಬುದೊಂದಿದೆ. ವಿದ್ವಾಂಸರು ಅದನ್ನು ಗಂಗೆಯ ಶಿಂಶುಮಾರವೆಂದು ತಿಳಿಯುತ್ತಾರೆ. ಅದೇ ಪ್ರಾಣಿಯನ್ನು ಭಾರತ ಸರಕಾರವು 2009ರಲ್ಲಿ ರಾಷ್ಟ್ರೀಯ ಜಲಚರವೆಂದು ಸಾರಿತು.

ಗಂಗೆಯ ವಿಷಯ ಹೀಗಾಯಿತು. ಕಡಲಿನ ಶಿಂಶುಮಾರಗಳನ್ನು ಶಾಸ್ತ್ರಲೋಕಕ್ಕೆ ಪರಿಚಯಿಸಿದವರಲ್ಲಿ ಮುಖ್ಯನಾದವನು ಕರ್ನಾಟಕದ ಚರಿತ್ರೆಯನ್ನು ಓದಿದವರಿಗೆ ಹೊಸಬನಲ್ಲ. ಅವನೇ ವಾಲ್ಟರ್ ಎಲಿಯಟ್. 1824ರ ಅಕ್ಟೋಬರದಲ್ಲಿ ಕಿತ್ತೂರಿನ ಬಾಗಿಲಲ್ಲಿ ಥ್ಯಾಕರೆ ಹತನಾದಾಗ ರಾಣಿ ಚೆನ್ನಮ್ಮನವರ ಕಡೆಯವರ ಸೆರೆಗೆ ಸಿಕ್ಕ ಇಬ್ಬರು ತರುಣ ಅಧಿಕಾರಿಗಳಲ್ಲಿ ಇವನೊಬ್ಬ. ಬಿಡುಗಡೆಯಾದ ಮೇಲೂ ಧಾರವಾಡ ಸೀಮೆಯಲ್ಲಿಯೇ ಇದ್ದು, ಸುಮಾರು 600 ಶಾಸನಗಳ ಪ್ರತಿಗಳನ್ನು ಮಾಡಿಸಿದನು. ಚಾಲುಕ್ಯರ ಚರಿತ್ರೆಯ ಮೊದಲ ಕಟ್ಟಡಕ್ಕೆ ತಳಹದಿಯಾದುದು ಆ ಸಂಗ್ರಹವೇ. ಕಲ್ಲಿನ ಅಕ್ಷರಗಳ ಜೊತೆಗೆ ಕಾಡಿನ ಜೀವಗಳ ಮೇಲೂ ಅವನ ಕಣ್ಣಿದ್ದಿತು: ಈ ಸೀಮೆಯ ಸ್ತನಿಪ್ರಾಣಿಗಳ ಪಟ್ಟಿಯೊಂದನ್ನು ದೇಶೀಯ ಹೆಸರುಗಳ ಸಹಿತ 1839ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದನು.

1845ರಲ್ಲಿ ಅವನು ಉತ್ತರ ಸರ್ಕಾರುಗಳ ಕಮಿಶನರನಾಗಿ ಪೂರ್ವದ ಕರಾವಳಿಗೆ ಹೋದನು. ಅಲ್ಲಿ ವಿಶಾಖಪಟ್ಟಣದ ಬೆಸ್ತರ ಕೈಗೆ ಸಿಕ್ಕ ಕಡಲಪ್ರಾಣಿಗಳ ಚಿತ್ರಗಳನ್ನು ಬರೆಯಿಸಿ, ತಲೆಬುರುಡೆಗಳನ್ನು ಲಂಡನ್ನಿನ ರಿಚರ್ಡ್ ಓವನ್ನನಿಗೆ ಮುಟ್ಟಿಸಿದನು. ಓವನ್ನನು 1866ರಲ್ಲಿ ಅವುಗಳನ್ನು ವರ್ಣಿಸಿದನು. ಒಂದಕ್ಕೆ ಬೆಸ್ತರ ಬಾಯಿಯ ‘ಗಾದಮು’ ಎಂಬ ಹೆಸರನ್ನೇ ಶಾಸ್ತ್ರನಾಮವಾಗಿ ಇಟ್ಟನೆಂಬುದು ಮೆಚ್ಚತಕ್ಕ ಮಾತು. ವಿಶಾಖಪಟ್ಟಣದ ಬಂದರದಲ್ಲಿ 1852ರಲ್ಲಿ ದೊರೆತ ಮೊಂಡುಮೂತಿಯ ಜಾತಿಯೂ ಅದರಲ್ಲಿದ್ದಿತು. ಅದೇ ಜಾತಿಯನ್ನು ಇಂದು ಒಡಿಶಾದ ಚಿಲಿಕಾ ಸರೋವರದ ಸಾತಪಡದಲ್ಲಿ ದೋಣಿಯಿಂದ ಜನರಿಗೆ ತೋರಿಸುತ್ತಾರೆ.

ಕಾರವಾರದಲ್ಲಿ ಕಾಣುವುದು ಬೇರೆ ಜಾತಿ. ಬೆನ್ನಿನ ಮೇಲೆ ಡುಬ್ಬವುಳ್ಳದ್ದು. ದ್ಯುಸುಮಿಯೆ ಎಂಬ ಫ್ರೆಂಚ್ ನಾವಿಕ ವರ್ತಕನು ಮಲಬಾರ ತೀರದಲ್ಲಿ ಕಂಡ ಇದನ್ನು ಕುವಿಯೆ ಪಂಡಿತನು 1829ರಲ್ಲಿ ಸೀಸದ ಬಣ್ಣದ್ದೆಂಬ ಅರ್ಥದ ಹೆಸರಿನಿಂದ ಗುರುತಿಸಿದನು. ಹೀಗೆ ಎರಡೂ ತೀರಗಳಲ್ಲಿ ಶಾಸ್ತ್ರವು ಬೆಳೆದದ್ದು ಬಹುಮಟ್ಟಿಗೆ ಸತ್ತ ಪ್ರಾಣಿಗಳಿಂದ. ಬುರುಡೆಯು ಹಲ್ಲಿನ ಎಣಿಕೆಯನ್ನು ಹೇಳೀತು; ತಾಯಿಯು ಮರಿಯೊಡನೆ ಹೇಗೆ ಈಜುವುದು, ಹಿಂಡು ಮೀನನ್ನು ಹೇಗೆ ಅಟ್ಟುವುದು ಎಂಬುದನ್ನು ಹೇಳಲಾರದು. ಆ ಜ್ಞಾನಕ್ಕೆ ಜೀವಂತ ಪ್ರಾಣಿಯೇ ಬೇಕು, ಕಾದು ಕುಳಿತ ಕಣ್ಣು ಬೇಕು. ಈ ದೃಷ್ಟಿಯಿಂದ ನೋಡಿದರೆ ಕಾರವಾರದ ದೋಣಿಯು ಬರಿಯ ಮೋಜಿನ ಸಾಧನವಲ್ಲ.

ಆದರೆ ನೋಡುವ ಆತುರವೇ ಕಾಟವಾಗುವುದುಂಟು. ಈ ಡುಬ್ಬದ ಜಾತಿಯು ದಂಡೆಗೆ ಸಮೀಪದ ಆಳವಿಲ್ಲದ ನೀರನ್ನೇ ನೆಚ್ಚಿಕೊಂಡಿದೆ. ಬಲೆ, ಬಂದರು, ಯಂತ್ರದ ದೋಣಿ ಎಲ್ಲವೂ ಇರುವುದು ಅಲ್ಲಿಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯ ರಕ್ಷಣೆ ಇದಕ್ಕುಂಟು. ಆದರೂ ಜಗತ್ತಿನ ಅಪಾಯಸ್ಥ ಪ್ರಾಣಿಗಳ ಪಟ್ಟಿಯಲ್ಲಿ ಇದು ಸೇರಿದೆ. ಇದು ಮೀನಲ್ಲ, ಉಸಿರಿಗಾಗಿ ಮೇಲೇಳಲೇಬೇಕು. ಬೇಟೆಯನ್ನೂ ದಾರಿಯನ್ನೂ ಶಬ್ದದ ಮರುದನಿಯಿಂದ ಅರಿಯುತ್ತದೆ. ನಾಲ್ಕು ದೋಣಿಗಳು ಯಂತ್ರದ ಅಬ್ಬರದೊಡನೆ ಸುತ್ತುಗಟ್ಟಿದರೆ ಅದಕ್ಕೆ ಉಸಿರೂ ಕಷ್ಟ, ದಾರಿಯೂ ಕಷ್ಟ. ಹಣ ತೆತ್ತವರು ‘ಇನ್ನಷ್ಟು ಸಮೀಪಕ್ಕೆ ಒಯ್ಯಿರಿ’ ಎಂದು ಒತ್ತಾಯಿಸಿದಾಗ ಆಗದೆನ್ನುವುದು ದೋಣಿಯವನಿಗೆ ಸುಲಭವಲ್ಲ. ಬಲ್ಲ ದೋಣಿಯವನು ದೂರದಲ್ಲಿಯೇ ಯಂತ್ರವನ್ನು ನಿಲ್ಲಿಸಿ, ಅಲೆಗೆ ದೋಣಿಯನ್ನು ಬಿಟ್ಟು ಸುಮ್ಮನಿರುತ್ತಾನೆ. ಆಗ ಕೆಲವೊಮ್ಮೆ ಸೀಸದ ಬಣ್ಣದ ಬೆನ್ನು ಕಣ್ಣಿಗೆ ಬೀಳುವ ಮೊದಲೇ ಅದು ಉಸಿರು ಬಿಟ್ಟ ಸದ್ದು ಕಿವಿಗೆ ಬೀಳುತ್ತದೆ.